ಎಲ್ಲರೂ ಎಡಗಡೆ ಕುಳಿತ ದಿನ

ಹೋದ ತಿಂಗಳು ನನ್ನ ಮುಖದ ಬಲಭಾಗದ ನರ ಕೈಕೊಟ್ಟಿತು. ಬಾಯಿಯ ಮೂಲೆ ಜೋತುಬಿದ್ದಿತು, ಬಲಗಣ್ಣು ಪೂರ್ತಿ ಮುಚ್ಚದಾಯಿತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಂದು ತಿಂಗಳ ರಜೆ ಮುಗಿದಿತ್ತು, ಮರುದಿನ ತರಗತಿಗೆ ಹೋಗಬೇಕಿತ್ತು. ಹಿಂದಿನ ಬೆಂಚಿನ ಕಲಾವಿದರು ನನ್ನನ್ನು ಹೇಗೆ ಬಿಡಿಸುತ್ತಾರೋ ಎಂಬುದೊಂದೇ ಯೋಚನೆ. ಅದಕ್ಕೆ ಮೊದಲು ನನ್ನವರು ಯಾರಾದರೂ ಬಿಡಿಸಿ ತೋರಿಸಲಿ, ಎಷ್ಟು ಕೆಟ್ಟದಾಗಿದೆ ಎಂದು ಗೊತ್ತಾಗಲಿ ಎಂದು ನಮ್ಮ ಚಿತ್ರದ ದಿನಕ್ಕೆ ಹೋದೆ.

ಅದು ವರ್ಷಕ್ಕೊಮ್ಮೆ ದರ್ಜಿಯ ಅಂಗಡಿಯ ಮಹಡಿಯಲ್ಲಿ ನಡೆಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬರು ಕೂರುವುದು, ಉಳಿದವರು ಬಿಡಿಸುವುದು, ಅಲಾರಂ ಹೊಡೆದರೆ ಸರದಿ ಬದಲು. ನಮ್ಮಲ್ಲಿ ಯಾರಿಗೂ ಕೈ ಬಿಡಿಸಲು ಬರುವುದಿಲ್ಲ. ಹಾಗಾಗಿ ನಮ್ಮ ಚಿತ್ರಗಳಲ್ಲಿ ಎಲ್ಲರೂ ಬೆನ್ನ ಹಿಂದೆ ಏನನ್ನೋ ಬಚ್ಚಿಟ್ಟುಕೊಂಡಿರುತ್ತಾರೆ.

ಕೂರುವವರ ಕುರ್ಚಿ ಯಾವಾಗಲೂ ಕೋಣೆಯ ನಡುವೆ ಇರುತ್ತಿತ್ತು. ಆ ದಿನ ಗೋಡೆಗೆ ಒತ್ತಿ ಇಟ್ಟಿದ್ದರು. ನನ್ನ ಸರದಿಯಲ್ಲಿ ಕುಳಿತರೆ ಬಲಗೆನ್ನೆ ಗೋಡೆಗೆ. ಎಡಗಡೆ ಒಂದು ಗಿಡ್ಡ ಬೆಂಚಿನ ಮೇಲೆ ದರ್ಜಿ, ನನ್ನ ಗೆಳತಿ ಹಲ್ಲಿನ ಡಾಕ್ಟರು, ಎಲೆಕ್ಟ್ರಿಷಿಯನ್ ಆಗಿರುವ ಅಕ್ಕನ ಗಂಡ, ಮೂವರೂ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ಚುಚ್ಚುವಂತೆ ತುರುಕಿಕೊಂಡರು. ಭಾವ ಒಬ್ಬರಿಗೇ ಆ ಬೆಂಚು ಸಾಲದು.

"ಎಲ್ಲಾ ಒಂದೇ ಕಡೆ ಯಾಕೆ?" ಎಂದೆ.

"ಇಲ್ಲಿ ಬೆಳಕು ಚೆನ್ನಾಗಿದೆ ಮೇಡಂ," ಎಂದರು ದರ್ಜಿ. ಕಿಟಕಿ ಅವರ ಬೆನ್ನಿಗಿತ್ತು. ಮೂವರೂ ತಂತಮ್ಮ ನೆರಳಿನಲ್ಲೇ ತಡಕಾಡುತ್ತಿದ್ದರು.

ಅಲಾರಂ ಹೊಡೆದಾಗ ಕಾಗದಗಳನ್ನು ನೋಡಿದೆ. ಮೂರರಲ್ಲೂ ನಾನು ಹಳೇ ನಾಣ್ಯದ ಮೇಲಿನ ರಾಜನ ಹಾಗೆ ಪಕ್ಕಕ್ಕೆ ತಿರುಗಿದ್ದೆ. ಭಾವ ಮಾತ್ರ ಆ ಒಂದೇ ಕೆನ್ನೆಯ ಮೇಲೆ ಎರಡು ಕಣ್ಣು ಕೂರಿಸಿದ್ದರು.

ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಅರ್ಥವಾಯಿತು. ನೋಡಲಾರದಷ್ಟು ಕೆಟ್ಟದಾಗಿದೆಯೆ?

ಮಧ್ಯಾಹ್ನ ಮತ್ತೆ ನನ್ನ ಸರದಿ ಬಂದಾಗ ಕುರ್ಚಿಯನ್ನು ನಡುವೆ ಎಳೆದು ಅವರಿಗೆ ಎದುರಾಗಿ ಕುಳಿತೆ. ಮೂವರೂ ಒಟ್ಟಿಗೆ ಎದ್ದು, ಬೆಂಚು ಹೊತ್ತುಕೊಂಡು, ನನ್ನ ಎಡಕ್ಕೆ ಬಂದರು. ನಾನು ತಿರುಗಿದೆ. ಬೆಂಚೂ ತಿರುಗಿತು. ಇನ್ನೊಂದು ಸುತ್ತಿನಲ್ಲಿ ಭಾವ ದರ್ಜಿ ಬಟ್ಟೆ ತೊಡಿಸಿ ನಿಲ್ಲಿಸಿದ್ದ ಬೊಂಬೆಗೆ ಡಿಕ್ಕಿ ಹೊಡೆದು ಅದಕ್ಕೇ ಕ್ಷಮೆ ಕೇಳಿದರು.

"ನನ್ನ ಮಂಡಿ ಹೋಯ್ತು ಕಣೇ, ಒಂದ್ಕಡೆ ಕೂತ್ಕೋ," ಎಂದಳು ಡಾಕ್ಟರು.

"ನಾಳೆ ಕ್ಲಾಸಲ್ಲಿ ಮಕ್ಕಳು ಹೀಗೆ ಬೆಂಚು ಹೊತ್ಕೊಂಡು ಓಡಾಡ್ತಾರಾ? ಎಲ್ಲಿ ಕೂತಿರ್ತಾರೋ ಅಲ್ಲಿಂದಾನೇ ಬಿಡಿಸ್ತಾರೆ. ಮೊದ್ಲು ನೀವು ಬಿಡಿಸಿ. ನಾನು ನೋಡ್ಬೇಕು."

ದರ್ಜಿ ಕೊರಳಿನ ಟೇಪು ತೆಗೆದು ನನ್ನ ಮೂಗಿನಿಂದ ತುಟಿಯ ಮೂಲೆಗೆ ಹಿಡಿದರು, ಎರಡೂ ಕಡೆ. "ಕಾಲು ಇಂಚು ಇಳಿದಿದೆ ಮೇಡಂ. ಬ್ಲೌಸಾಗಿದ್ರೆ ಸಂಜೆಯೊಳಗೆ ಸರಿ ಮಾಡಿ ಕೊಡ್ತಿದ್ದೆ."

"ನಿಜ ಹೇಳ್ಲಾ?" ಎಂದರು ಭಾವ. "ಇವಳ ಅಕ್ಕನ್ನ ಮದುವೆಯಾದಾಗಿಂದ ನನ್ನ ಮಾತಿಗೆ ಇವಳು ಹೀಗೇ ಮೂತಿ ಸೊಟ್ಟ ಮಾಡೋದು. ನನಗೇನೂ ವ್ಯತ್ಯಾಸ ಕಾಣ್ಲಿಲ್ಲ. ಎಡಗಡೆ ಕೂತ್ಕೋ ಅಂದಿದ್ದು ಇವರಿಬ್ರು."

"ನೀವೂ ಕೂತ್ರಲ್ಲ ಭಾವ."

"ತಿಂಡಿ ಇವರ ಹತ್ರ ಇತ್ತು."

ನನಗೆ ನಗು ಬಂತು. ನಕ್ಕರೆ ಬಾಯಿ ಇನ್ನೂ ಓರೆಯಾಗುತ್ತದೆಂದು ಒಂದು ತಿಂಗಳಿಂದ ಬಿಗಿಹಿಡಿದಿದ್ದ ನಗು. ಡಾಕ್ಟರು ಬೆಂಚು ಬಿಟ್ಟು ನೇರ ನನ್ನೆದುರು ನೆಲದ ಮೇಲೆ ಕುಳಿತಳು. ಅಭ್ಯಾಸಬಲದಿಂದ "ಬಾಯಿ ತೆರಿ" ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ಬಿಡಿಸತೊಡಗಿದಳು.

ಅಲಾರಂ ಹೊಡೆದಾಗ ಕಾಗದ ಕೊಟ್ಟಳು. ನಾನು ಕುಸಿದ ಗೋಡೆಯೊಂದನ್ನು ನಿರೀಕ್ಷಿಸಿದ್ದೆ. ಅಲ್ಲಿದ್ದದ್ದು ಕೇಳಿದ ಮಾತನ್ನು ಅಷ್ಟಾಗಿ ನಂಬದ ಒಬ್ಬ ಹೆಂಗಸು. ಇತಿಹಾಸ ಪಾಠ ಮಾಡಲು ತಕ್ಕ ಮುಖವೇ. ಆದರೆ ಗೆಳತಿಯಲ್ಲವೆ, ತುಟಿಯ ಮೂಲೆಯನ್ನು ಗುಟ್ಟಾಗಿ ಒಂದಿಷ್ಟು ಮೇಲೆತ್ತಿದ್ದಳು.

ನಾನು ಪೆನ್ಸಿಲ್ ಕಿತ್ತುಕೊಂಡು ಆ ಮೂಲೆಯನ್ನು ಇರಬೇಕಾದಲ್ಲಿಗೆ ಇಳಿಸಿದೆ.