ಬೋರ್ಡಿನ ಮೊದಲ ಮಿಣುಕು

ಖಡ್ಗದಲ್ಲಿಯೂ ಲೇಖನಿಯಲ್ಲಿಯೂ ಏಕರೂಪಿಣಿಯಾಗಿ ನೆಲೆಸಿರುವ ಜಗನ್ಮಾತೆಯೇ, ಈ ಕಥೆಯನ್ನು ನುಡಿವ ನಾಲಿಗೆಯನ್ನು ಅಸತ್ಯದಿಂದ ಕಾಪಾಡು.

ಶ್ರೀರಾಂಪುರದ ಒಂದು ವರ್ಕ್‌ಶಾಪಿನಲ್ಲಿ ಸ್ಟೀಲ್ ತಟ್ಟೆಗಳನ್ನು ಒತ್ತುವ ಪ್ರೆಸ್ಸೊಂದಿತ್ತು. ಅದರ ಉಕ್ಕಿನ ಭಾರ ಕೆಳಗೆ ಬಿದ್ದಾಗಲೆಲ್ಲ ನೆಲ ನಡುಗುತ್ತಿತ್ತು. ಅದನ್ನು ನಡೆಸುವ ಮರಿಯಣ್ಣನ ಕೈ ಯಾವ ಗಳಿಗೆಯಲ್ಲಿ ಅದರ ಬಾಯಿಗೆ ಸಿಲುಕುವುದೋ ಎಂಬ ಭಯ ಹಂಸಾಳನ್ನು ಬಿಟ್ಟಿರಲಿಲ್ಲ. ಒಳಗೆ ಕೈ ಇದ್ದರೆ ಯಂತ್ರ ತಾನಾಗಿಯೇ ನಿಲ್ಲಬೇಕು. ಅಂಥ ಪ್ರೋಗ್ರಾಂ ಬರೆಯಲು ಕಲಿಯಬೇಕೆಂದು ಆಕೆ ಲ್ಯಾಪ್‌ಟಾಪಿಗೆ ಐಡಿಇಯೊಂದನ್ನು ಇಳಿಸಿಕೊಂಡಿದ್ದಳು. ಕೋಡ್ ಬರೆಯುವುದು, ಅದನ್ನು ಯಂತ್ರಕ್ಕೆ ತಿಳಿಯುವಂತೆ ಪರಿವರ್ತಿಸುವುದು, ಪ್ರೆಸ್ಸನ್ನು ನಿಯಂತ್ರಿಸುವ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಏರಿಸುವುದು, ಎಲ್ಲಕ್ಕೂ ಅದೊಂದೇ ತಂತ್ರಾಂಶ.

ವಿಜಯದಶಮಿಯ ಬೆಳಿಗ್ಗೆ ವಿದ್ಯಾರಂಭ. ಆಯುಧಪೂಜೆಗೆ ಪ್ರೆಸ್ಸಿಗೆ ತೊಡಿಸಿದ್ದ ಚೆಂಡುಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಹಂಸಾ ಅಭ್ಯಾಸಕ್ಕೆಂದು ಹೊಸ ಬೋರ್ಡೊಂದನ್ನು ಮೇಜಿನ ಮೇಲಿಟ್ಟಳು. ವರ್ಕ್‌ಶಾಪಿನ ಒಡೆಯರಾದ ಅವಳ ದೊಡ್ಡಪ್ಪ ದೊರೆಸ್ವಾಮಿಯವರಿಗೆ ಅದು ಹಿಡಿಸಲಿಲ್ಲ.

"ಆಟದ ಸಾಮಾನಿಗಾ ವಿದ್ಯಾರಂಭ? ಪೂಜೆ ಆಗಿರೋದು ಪ್ರೆಸ್ಸಿಗಮ್ಮಾ. ಅದರ ಬೋರ್ಡಿಗೇ ಹಾಕು."

"ಹಾಗಾದ್ರೆ ಮೇನ್ ಆಫ್ ಮಾಡ್ಬಿಡ್ತೀನಿ ದೊಡ್ಡಪ್ಪಾ."

"ದಶಮಿ ದಿನ ಯಂತ್ರ ಹೆಣದ ಹಾಗೆ ಬಿದ್ದಿರಬೇಕಾ? ಲೈಟ್ ಮಿಣುಕಿಸೋ ಪಾಠ ತಾನೆ, ಹಾಕು!"

ಮರಿಯಣ್ಣ ನಕ್ಕ. "ಹಾಕ್ರಮ್ಮಾ. ಹಾರ ತೆಗೆದ್ಬಿಡ್ತೀನಿ, ಇಲ್ದಿದ್ರೆ ಹೂವಿನ ಚಟ್ನಿ ಆಗ್ಬಿಡುತ್ತೆ." ಅವನು ಪ್ರೆಸ್ಸಿನ ಬಾಯೊಳಗೆ ಕೈ ಹಾಕಿ ಹಾರ ಬಿಚ್ಚತೊಡಗಿದ.

ಕಲಿಯುವವರಿಗೆಂದೇ ಐಡಿಇಯಲ್ಲಿ ಇಟ್ಟಿರುವ ಮೊದಲ ಮಾದರಿಯನ್ನು ಹಂಸಾ ತೆರೆದಳು: ಬೋರ್ಡಿನ ಪುಟ್ಟ ದೀಪ ಹತ್ತಬೇಕು, ಆರಬೇಕು, ಮತ್ತೆ ಹತ್ತಬೇಕು. ಲ್ಯಾಪ್‌ಟಾಪಿನಿಂದ ಪ್ರೆಸ್ಸಿನ ಬೋರ್ಡಿಗೆ ಕೇಬಲ್ ಜೋಡಿಸಿ, ಬೋರ್ಡಿನ ಹೆಸರನ್ನೂ ಕೇಬಲ್ ಚುಚ್ಚಿದ ಪೋರ್ಟನ್ನೂ ಆರಿಸಿ, ಶಾರದೆಯನ್ನು ನೆನೆದು, ಪರದೆಯಿಂದ ಕಣ್ಣೆತ್ತದೆ ಅಪ್‌ಲೋಡ್ ಒತ್ತಿದಳು. ಭಾರವನ್ನು ಬೀಳಿಸುವ ಸ್ವಿಚ್ಚಿನ ತಂತಿಯನ್ನೂ ಬೋರ್ಡಿನಲ್ಲಿ ಆ ದೀಪದ ಪಿನ್ನಿಗೇ ಬೆಸೆಯಲಾಗಿತ್ತು. ಅದನ್ನು ಆಕೆ ನೋಡಿರಲಿಲ್ಲ.

ದೀಪ ಹತ್ತಿತು. ಭಾರ ಬಿದ್ದಿತು.

ಮರಿಯಣ್ಣನ ಚೀತ್ಕಾರಕ್ಕೆ ತಗಡಿನ ಸೂರು ಕಂಪಿಸಿತು. ಭಾರ ಮೇಲೆದ್ದಾಗ ಬೆರಳುಗಳಿದ್ದ ಕಡೆ ಹೂವೂ ಮಾಂಸವೂ ಒಂದಾಗಿದ್ದವು. ಹಾರದ ದಾರ ಮಣಿಕಟ್ಟಿಗೆ ಬಿಗಿದು, ಕೈಯನ್ನು ಅಲ್ಲಿಯೇ ಹಿಡಿದಿತ್ತು. ಭಾರ ಮತ್ತೆ ಅಪ್ಪಳಿಸಿತು. ದೊರೆಸ್ವಾಮಿಯವರ ಬಿಳಿಯ ಪಂಚೆಗೆ ರಕ್ತ ಚಿಮ್ಮಿತು.

"ಮುಚ್ಚೇ ಅದನ್ನ!" ಎಂದು ಅರಚಿ ಅವರೇ ಲ್ಯಾಪ್‌ಟಾಪನ್ನು ಬಡಿದು ಮುಚ್ಚಿ, ಕೇಬಲನ್ನು ಕಿತ್ತೆಸೆದರು. ಪ್ರೆಸ್ಸು ನಿಲ್ಲಲಿಲ್ಲ. ಪ್ರೋಗ್ರಾಂ ಆಗಲೇ ಬೋರ್ಡಿನೊಳಗೆ ಕುಳಿತಿತ್ತು. ಲ್ಯಾಪ್‌ಟಾಪಿನ ಹಂಗು ಅದಕ್ಕಿರಲಿಲ್ಲ. ಮೇನ್ ಸ್ವಿಚ್ ಪ್ರೆಸ್ಸಿನ ಆಚೆ, ಪೂಜೆಗೆ ಕಟ್ಟಿದ ಬಾಳೆಕಂಬಗಳ ಹಿಂದೆ. ಅಲ್ಲಿಗೆ ತಲುಪುವಷ್ಟರಲ್ಲಿ ಅಂಗೈಯೂ ಉಳಿಯದು.

ಹಂಸಾ ಕುಂಕುಮವಿಟ್ಟ ಸುತ್ತಿಗೆಯನ್ನು ಎರಡೂ ಕೈಗಳಲ್ಲಿ ಎತ್ತಿ, ಬೋರ್ಡಿನ ಮೇಲೆ ಬೀಸಿದಳು. ಕಿಡಿ ಹಾರಿತು. ಮತ್ತೆ ಬೀಸಿದಳು. ಬೋರ್ಡಿನ ಚಿಪ್ ಚೂರಾಯಿತು. ಬೀಳಲು ಹವಣಿಸುತ್ತಿದ್ದ ಭಾರ ಮೇಲೆಯೇ ನಿಂತಿತು.

ದೊರೆಸ್ವಾಮಿಯವರು ಹಾರದ ದಾರ ಹರಿದು, ಕೈಯನ್ನು ಹೊರಗೆಳೆದು, ತಮ್ಮ ಶಲ್ಯವನ್ನು ಮರಿಯಣ್ಣನ ಕೈಗೆ ಬಿಗಿದು ಸುತ್ತಿದರು. ಬಾಗಿಲಿಗೆ ಓಡಿ, ಆಟೋವನ್ನು ಕೂಗಿ ಕರೆದರು.

"ಅಂಗೈ... ಅಂಗೈ ಐತಾ ಹಂಸಮ್ಮಾ?" ಮರಿಯಣ್ಣ ಕಣ್ಣು ಮುಚ್ಚಿಯೇ ಕೇಳಿದ.

"ಇದೆ ಮರಿಯಣ್ಣಾ. ಹೆಬ್ಬೆರಳೂ ಇದೆ. ಗಟ್ಟಿಯಾಗಿ ನನ್ನ ಹಿಡ್ಕೋ, ಆಟೋ ಬಂತು."

ಈ ಕಥೆಯನ್ನು ಕೇಳಿದವರೆಲ್ಲರ ಕೈಗಳೂ ಅಖಂಡವಾಗಿರಲಿ. ಅವರು ಆರಂಭಿಸುವ ವಿದ್ಯೆ ಯಾರ ರಕ್ತವನ್ನೂ ಬೇಡದಿರಲಿ. ತಾಯಿ ಎಲ್ಲರನ್ನೂ ಪೊರೆಯಲಿ.