ನಾಲ್ಕು ಗೇಣಿನ ಅಪ್ಪ

“ನಿನ್ ಚೌಕಟ್ನಾಗಿಂದ ನಮ್ಮಪ್ಪ ಉದುರಿ ಬಿದ್ನಲೇ, ಸೂಳಿಮಗನ!”

ಬೊಮ್ಮಪ್ಪಗೌಡರು ಹೊಸ್ತಿಲ ಒಳಗೆ ನಿಂತು ಬೈಯುತ್ತಿದ್ದರು. ಹೊರಗೆ ಅಂಗಳದಲ್ಲಿ ದುರುಗಪ್ಪ, ಅವನ ಹೆಂಡತಿ ಕನಕಮ್ಮ, ಅವರ ಕಾಲ ಬಳಿ ಆಳುಗಳು ತಂದೆಸೆದ ಚೌಕಟ್ಟು. ಹಡಗಲಿ ಸೀಮೆಯ ದೊಡ್ಡ ಮನೆಗಳಲ್ಲೆಲ್ಲ ದುರುಗಪ್ಪನ ಕೆತ್ತನೆಯ ಚೌಕಟ್ಟುಗಳಿವೆ. ಆ ಮನೆಗಳ ಒಳಗೋಡೆ ಯಾವ ಬಣ್ಣವೆಂದು ಮಾತ್ರ ಅವನಿಗೆ ಗೊತ್ತಿಲ್ಲ.

ತೀರಿಕೊಂಡ ಅಪ್ಪನ ಫೋಟೋಕ್ಕೆ ಗೌಡರು ಎರಡು ತಿಂಗಳ ಹಿಂದೆ ಚೌಕಟ್ಟು ಹೇಳಿದ್ದರು. ಕೇರಿಯವನ ಕೈ ತಾಗಿದರೆ ಅಪ್ಪ ಮೈಲಿಗೆಯಾಗುತ್ತಾನಲ್ಲ! ಅದಕ್ಕೆ ತಾವೇ ಗೇಣು ಹಾಕಿ, ಕಟ್ಟೆಯ ಮೇಲಿನಿಂದ ಕೂಗಿದ್ದರು: “ಉದ್ದ ನಾಕು ಗೇಣು, ಅಗಲ ಮೂರು!” ದುರುಗಪ್ಪ ತನ್ನ ಗೇಣಿನಲ್ಲಿ ಕೆತ್ತಿದ. ಉಳಿ ಹಿಡಿದು ಅಗಲವಾದ ಕೈ ಅವನದು. ಗೌಡರದು ಎಲೆಗೆ ಸುಣ್ಣ ಹಚ್ಚುವ ಸಣ್ಣ ಕೈ.

“ಹತ್ತು ಗಂಟೆಕ್ಕ ತಾಲೂಕಿನ ಸಾಹೇಬ್ರು ಅಪ್ಪನ ಫೋಟೋಕ್ಕ ಹಾರ ಹಾಕಾಕ ಬರ್ತಾರ. ಸುತ್ತ ಕೊಯ್ದು ಸಣ್ಣದು ಮಾಡಲೇ!”

ಕೊಯ್ದರೆ ಮೂಲೆಯ ನಾಲ್ಕೂ ಗಿಳಿಗಳ ಕುತ್ತಿಗೆ ಹೋಗುತ್ತದೆ. ತನ್ನ ಮನೆಯ ಹಳೇ ಬಾಗಿಲ ತೇಗದಲ್ಲಿ ಒಂದೊಂದು ಪುಕ್ಕ ಬಿಡಿಸಿ ತೆಗೆದ ಗಿಳಿಗಳು. ದುರುಗಪ್ಪ ಚೌಕಟ್ಟಿಗೆ ಅಡ್ಡ ನಿಂತ.

“ಕೊಯ್ಯಂಗಿಲ್ರಿ ಗೌಡ್ರ. ನಿಮ್ಮಪ್ಪನ್ನ ಇನ್ನೊಂದೀಟು ದೊಡ್ಡಾವನ್ನ ಮಾಡಿಸ್ಕಂಡ್ ಬರ್ರಿ.”

ಕನಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ಹೊರಗೆ ಬಂದೇ ಬಿಟ್ಟಿತು.

“ಕಾಲಾಗಿನ ಕೆರಾ, ನನಗ ಎದುರು ಮಾತಾಡ್ತಿಯೇನಲೇ? ಗರಗಸ ತರ್ರಲೇ, ನಾನ ಕೊಯ್ತೀನಿ!”

ಗೌಡರು ಗರಗಸ ಹಿಡಿದು ಮೆಟ್ಟಿಲಿಳಿಯುವಷ್ಟರಲ್ಲಿ ದುರುಗಪ್ಪ ಚೌಕಟ್ಟನ್ನು ಅಡ್ಡ ತಿರುಗಿಸಿ ಎತ್ತಿದ್ದ.

“ಕನಕೀ, ಆ ಕಡಿ ಹಿಡಿ. ಸತ್ತೋರಿಗೆ ಮಾಡಿ ಮಾಡಿ ಸಾಕಾಗೇತಿ. ನಮಗ ಅಳತಿ ಸರಿ ಐತಿ ನೋಡು.”

ಗಂಡ ಹೆಂಡತಿ ಕೆಳಪಟ್ಟಿ ಎದೆಮಟ್ಟಕ್ಕೆ ಬರುವಂತೆ ಚೌಕಟ್ಟು ಹಿಡಿದು, ಅದರೊಳಗೆ ಇಬ್ಬರ ಮುಖ ಇಟ್ಟುಕೊಂಡು ಗೌಡರ ಓಣಿಯ ನಟ್ಟನಡುವೆ ನಡೆದರು. ಕಟ್ಟೆಕಟ್ಟೆಯ ಮೇಲೆ ಮೊಬೈಲುಗಳು ಎದ್ದವು. ಹಿಂದೆ ಗೌಡರು ಗರಗಸ ಬೀಸುತ್ತ ತಾಯಿ ಅಕ್ಕ ಅಂತ ಬೈಯುತ್ತಿದ್ದರೂ, ಅಷ್ಟು ಮೊಬೈಲುಗಳ ಮುಂದೆ ಕಾಲು ಮುಂದೆ ಬರಲಿಲ್ಲ.

ಓಣಿಯ ಬಾಯಲ್ಲಿ ಜೀಪು ನಿಂತಿತು. ಸಾಹೇಬರು ಮಾರುದ್ದದ ಹಾರ ಹಿಡಿದು ಇಳಿದವರು, ಎದುರಿಗೆ ಬರುವ ಫೋಟೋ ಕಣ್ಣು ಪಿಳುಕಿಸಿದ್ದು ಕಂಡು, ಸರಕ್ಕನೆ ಗೋಡೆಗೆ ಅಂಟಿ ದಾರಿ ಬಿಟ್ಟರು.

“ನೆಟ್ಟಗ ಹಿಡಿಯೋ,” ಎಂದಳು ಕನಕಮ್ಮ. “ನಿನ್ ಕಡಿ ತಗ್ಗೈತಿ.”

ದುರುಗಪ್ಪ ತನ್ನ ಕಡೆಯನ್ನು ಎತ್ತಿ ಹಿಡಿದ.