ಬಕೆಟ್ಟಿಗೆ ಸುರಿದ ಯೆರ್ಬಾ

ಪಕ್ಕದ ಮನೆಯ ಯಮಂದು ಮೊಸರಿನ ಲೋಟದಲ್ಲಿ ಗಾಂಜಾ ಸಸಿಯೊಂದನ್ನು ತಂದು ಮೇಜಿನ ಮೇಲಿಟ್ಟಾಗ ನನಗೆ ಮೈ ಉರಿಯಿತು. ಮನೆಯಲ್ಲಿ ಬೆಳೆದುಕೊಳ್ಳಿ ಎಂದು ಸರ್ಕಾರವೇ ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು, ನಿಜ. ಆದರೆ ಪಡ್ಡೆಗಳು ಸೇದುವ ಸೊಪ್ಪು ನನ್ನ ಅಡುಗೆಮನೆಯ ಕಿಟಕಿಗೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಬಂದದ್ದು ನನ್ನ ಗಂಡ ದಾರ್ದೊನ ದೆಸೆಯಿಂದ. ಕ್ಯಾನ್ಸರ್ ಅವನ ಬೆನ್ನುಮೂಳೆಗೆ ಇಳಿದಿತ್ತು. ಆಸ್ಪತ್ರೆಯ ಮಾತ್ರೆ ನುಂಗಿದರೆ ತಿಂದದ್ದೆಲ್ಲ ವಾಂತಿ, ನುಂಗದಿದ್ದರೆ ನರಳಾಟ. ಯಮಂದು ಇದೇ ಹೂವಿನ ಎಣ್ಣೆಯಿಂದ ತನ್ನ ತಾಯಿಯ ಕೊನೆಯ ದಿನಗಳನ್ನು ಹಗುರ ಮಾಡಿದ್ದ. ಆ ಎಣ್ಣೆ ತಾಯಿಯ ಜೊತೆಗೇ ಮುಗಿದಿತ್ತು. ಹೊಸದು ಬೇಕೆಂದರೆ ಗಿಡ ಬೆಳೆದು ಹೂ ಬಲಿಯಬೇಕು.

"ಯಾವಾಗಯ್ಯಾ ಬಲಿಯೋದು?" ದಾರ್ದೊ ಕೇಳಿದ.

"ಏಪ್ರಿಲ್‌ಗೆ."

ಆಗಿನ್ನೂ ನವೆಂಬರ್. ದಾರ್ದೊ ನನ್ನ ಮುಖ ನೋಡಿದ. ನಾನು ಮಾಟೆ ಹೀರುವ ಸೋರೆಬುರುಡೆಯಲ್ಲಿ ಯೆರ್ಬಾ ಎಲೆಗೆ ಬಿಸಿನೀರು ಸುರಿಯುವ ನೆಪದಲ್ಲಿ ತಲೆ ತಗ್ಗಿಸಿದೆ.

"ಹಾಗಾದ್ರೆ ಒಂದೇ ಸಲ ದೊಡ್ಡ ಬಕೆಟ್ಟಿಗೇ ಹಾಕ್ಬಿಡೋಣ," ಎಂದ ಅವನು. "ಪದೇಪದೇ ಮನೆ ಬದಲಾಯಿಸ್ತಾ ಕೂರೋಕೆ ಟೈಮೆಲ್ಲಿದೆ?"

"ಬೇಡ ದಾರ್ದಣ್ಣ. ಇಷ್ಟು ಪುಟ್ಟ ಬೇರು ಅಷ್ಟೊಂದು ಮಣ್ಣಿನ ನೀರು ಕುಡಿಯೋಕಾಗಲ್ಲ. ತೇವ ನಿಂತು ಕೊಳೆಯುತ್ತೆ. ಮೊದಲು ಸಣ್ಣ ಕುಂಡ. ಬೇರು ಅದರೊಳಗೆಲ್ಲ ಸುತ್ತಿಕೊಂಡ ಮೇಲೆ ಬಕೆಟ್ಟು. ಅಕ್ಕ, ಆ ಕಪ್ಪು ಬಕೆಟ್ ಬೇಡ, ಬಿಸಿಲಿಗೆ ಕಾದು ಬೇರು ಬೇಯುತ್ತೆ. ಬಿಳೀದು ನೋಡಿ."

ಬೇಕರಿಯವಳನ್ನು ಕಾಡಿಬೇಡಿ ಹಾಲಿನ ಸಿಹಿ ತುಂಬಿ ಬರುವ ಬಿಳಿ ಬಕೆಟ್ಟೊಂದನ್ನು ತಂದೆ. ಒಲೆಯಲ್ಲಿ ಮೊಳೆ ಕಾಯಿಸಿ ತಳಕ್ಕೆ ತೂತು ಕೊರೆದೆ. ಮನೆಯೆಲ್ಲ ಸುಟ್ಟ ಸಿಹಿಯ ವಾಸನೆ ಹಿಡಿಯಿತು. ಆ ವಾಸನೆಗೂ ದಾರ್ದೊ ವಾಂತಿ ಮಾಡಿಕೊಂಡ.

ಸಣ್ಣ ಕುಂಡದ ತೂತುಗಳಲ್ಲಿ ಬೇರಿನ ತುದಿ ಇಣುಕಿದಾಗ ಬಕೆಟ್ಟಿಗೆ ದಾಟಿಸುವ ಕೆಲಸವನ್ನು ದಾರ್ದೊ ನನಗೆ ಬಿಡಲಿಲ್ಲ. ಕುರ್ಚಿಯಲ್ಲಿ ಕೂತು, ದಂಟನ್ನು ಎರಡು ಬೆರಳ ನಡುವೆ ಹಿಡಿದು, ಕುಂಡವನ್ನು ಬೋರಲು ಹಾಕಿ ತಳ ತಟ್ಟಿದ. ಬಿಳಿ ಬೇರು ಹೆಣೆದ ಮಣ್ಣಿನ ಮುದ್ದೆ ಇಡಿಯಾಗಿ ಅವನ ಅಂಗೈಗೆ ಇಳಿಯಿತು. ಮಾಂಸದ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಎತ್ತು ಕಡಿದ ಕೈ ಅದು. ಒಂದು ಎಳೆಯೂ ಹರಿಯಲಿಲ್ಲ.

"ನೋಡೇ ಮುದುಕಿ, ನನ್ನ ಕೈಯಿನ್ನೂ ಸತ್ತಿಲ್ಲ," ಎಂದ. ಎಷ್ಟೋ ತಿಂಗಳ ಮೇಲೆ ಅವನು ನಕ್ಕಿದ್ದು ಅಂದೇ. ನನಗೆ ಆ ಹಾಳು ಗಿಡದ ಮೇಲೆ ಪ್ರೀತಿ ಹುಟ್ಟಿತು.

ಜನವರಿಯಲ್ಲಿ ಎಲೆ ಹಳದಿಯಾಗಿ ಜೋತುಬಿದ್ದವು. ನಾನು ನೀರು ಹೆಚ್ಚಿಸಿದೆ, ಕಮ್ಮಿ ಮಾಡಿದೆ, ಬಕೆಟ್ಟನ್ನು ಬಿಸಿಲಿಗೂ ನೆರಳಿಗೂ ಎಳೆದಾಡಿದೆ. ಏನೂ ಆಗದೆ ಯಮಂದುವನ್ನು ಕರೆದೆ. ಅವನು ಮಣ್ಣಿಗೆ ಬೆರಳು ತೂರಿಸಿ ತಕ್ಷಣ ಹಿಂದೆಗೆದ.

"ಒಳಗೆ ಬಿಸಿಯಿದೆಯಲ್ಲಕ್ಕಾ! ಬೂಷ್ಟು ಬೇರೆ. ಇದು ಯೆರ್ಬಾ ಚರಟ. ಯಾರು ತುಂಬಿದ್ದು?"

ನಮ್ಮ ಸೆರ್ರೊ ಗುಡ್ಡದ ಮೇಲೆ ಅದನ್ನು ಕೇಳಬೇಕಾದ್ದೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಎಲ್ಲರೂ ಮಾಟೆ ಹೀರುತ್ತಾರೆ, ಸಪ್ಪೆಯಾದ ಯೆರ್ಬಾ ಎಲೆಯನ್ನು ಹತ್ತಿರದ ಹೂಕುಂಡಕ್ಕೆ ಕೊಡವುತ್ತಾರೆ. ಅಜ್ಜಿಯರ ಕಾಲದಿಂದಲೂ ಅದೇ ಗೊಬ್ಬರ. ನಾನು ದಾರ್ದೊನ ಕಡೆ ತಿರುಗಿದೆ. ಅವನು ಕಿಟಕಿಯಾಚೆ ಬಂದರಿನ ಹಡಗು ನೋಡುತ್ತಿದ್ದ.

"ನಮ್ಮಮ್ಮ ಎಲ್ಲಾ ಗಿಡಕ್ಕೂ ಹಾಕ್ತಿದ್ಲು. ಏನು ಚೆನ್ನಾಗಿ ಬರ್ತಿದ್ವು ಅವಳ ಹೂವು!"

"ನಿಮ್ಮಮ್ಮನ ಹೂವಿಗೆ ಬೇಕಾದಷ್ಟು ಟೈಮಿತ್ತು ಕಣೋ!"

ಬಾಯಿಂದ ಜಾರಿಬಿಟ್ಟಿತು.

"ನನಗಿಲ್ವಲ್ಲ," ಎಂದ ದಾರ್ದೊ ಮೆಲ್ಲಗೆ. "ಅದಕ್ಕೇ ಜಾಸ್ತಿ ಹಾಕ್ದೆ."

ನಾನೂ ಯಮಂದುವೂ ಸೇರಿ ಬಕೆಟ್ಟು ಬರಿದು ಮಾಡಿದೆವು. ಬೇರು ಕಂದಾಗಿ ಲೋಳೆಗಟ್ಟಿತ್ತು. ಯಮಂದು ಕೊಳೆತದ್ದನ್ನು ಕತ್ತರಿಸಿ, ಉಳಿದ ಬೇರನ್ನು ಹೊಸ ಮಣ್ಣಿಗೆ ಇಳಿಸಿದ. ಬದುಕಬಹುದು, ಆದರೆ ಹಿಂದೆ ಬೀಳುತ್ತದೆ ಎಂದ. ಎಷ್ಟು ಹಿಂದೆ ಎಂದು ಕೇಳುವ ಧೈರ್ಯ ನನಗೂ ದಾರ್ದೊನಿಗೂ ಬರಲಿಲ್ಲ.

ಮಾರನೇ ಬೆಳಿಗ್ಗೆ ನೋಡಿದರೆ ಹೊಸ ಮಣ್ಣಿನ ಮೇಲೆ ಮತ್ತೆ ಒಂದು ಹಿಡಿ ಹಸಿರು ಚರಟ! ತಾಯಿ ಹೇಳಿದ್ದನ್ನು ಬಿಟ್ಟು ಪಕ್ಕದ ಮನೆಯವನ ಮಾತು ನಂಬುವ ಗಂಡಸಲ್ಲ ಅವನು. ಕೂಗಾಡಲು ಬಾಯಿ ತೆರೆದೆ. ಗೋಡೆ ಹಿಡಿದು, ಹೆಜ್ಜೆಹೆಜ್ಜೆಗೂ ನಿಂತು ಅವನು ಮಂಚಕ್ಕೆ ಮರಳುತ್ತಿದ್ದ. ಅಷ್ಟು ದೂರ ಅವನು ನಡೆದು ಬರುತ್ತಿದ್ದುದು ಈಗ ಅದೊಂದಕ್ಕೇ. ಬಾಯಿ ಮುಚ್ಚಿಕೊಂಡೆ. ಅವನು ಮಂಪರಿಗೆ ಜಾರಿದ ಮೇಲೆ ಚಮಚ ತಂದು ಎಲ್ಲವನ್ನೂ ಕೆರೆದು ತೆಗೆದೆ.

ಅದೇ ನಮ್ಮ ದಿನಚರಿಯಾಯಿತು. ಅವನು ಸುರಿಯುತ್ತಿದ್ದ, ನಾನು ಕೆರೆಯುತ್ತಿದ್ದೆ. ಅವನಿಗೆ ಗೊತ್ತಿಲ್ಲದೆ ಏನಿಲ್ಲ. "ನೋಡಿದ್ಯಾ, ನಮ್ಮಮ್ಮನ ಗೊಬ್ಬರ!" ಎಂದು ಹೊಸ ಚಿಗುರು ತೋರಿಸಿ ಕಣ್ಣು ಹೊಡೆಯುತ್ತಿದ್ದ. "ಹೌದಪ್ಪಾ ಮುದುಕಪ್ಪ, ನಿಮ್ಮಮ್ಮ ಮಹಾ ಜಾಣೆ," ಎನ್ನುತ್ತಿದ್ದೆ.

ಮಾರ್ಚ್ ಕೊನೆಗೆ ಕೊಂಬೆಯ ತುದಿಗಳಲ್ಲಿ ಬಿಳಿ ಕೂದಲಿನಂಥ ಹೂ ಕಾಣಿಸಿತು. ಈಗಲೇ ಕೊಯ್ಯಲೇ ಎಂದು ಯಮಂದುವಿಗೆ ದುಂಬಾಲು ಬಿದ್ದೆ.

"ಈಗ ಕೊಯ್ದರೆ ಬರೀ ಸೊಪ್ಪಕ್ಕಾ. ಆ ಕೂದಲು ಕಂದಾಗ್ಬೇಕು. ಏಪ್ರಿಲ್ ದಾಟುತ್ತೆ."

ಆ ವಾರವೇ ಒಂದು ಬೆಳಿಗ್ಗೆ ಚಮಚ ಹಿಡಿದು ಹೋದೆ. ಮಣ್ಣು ಚೊಕ್ಕಟವಾಗಿತ್ತು. ಕೆರೆಯಲು ಏನೂ ಇರಲಿಲ್ಲ. ಕಡೆಗೂ ನನ್ನ ಮಾತು ಕೇಳಿದ ಎಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ.

ಕೋಣೆಗೆ ಹೋದೆ. ನಾನು ತುಂಬಿಸಿ ಕೊಟ್ಟಿದ್ದ ಮಾಟೆ ಮಂಚದ ಪಕ್ಕದಲ್ಲಿ ಹಾಗೇ ತಣ್ಣಗಾಗಿತ್ತು.

"ಕುಡೀಲಿಲ್ವಾ?"

"ಇಳೀತಿಲ್ಲ ಕಣೇ," ಎಂದ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ನೀನೇ ಹಾಕ್ಬಿಡು ಅದಕ್ಕೆ."

ನಾನು ಮಾಟೆಯ ಬುರುಡೆಯನ್ನು ಎತ್ತಿಕೊಂಡು ಹೋಗಿ, ಒಂದೆಲೆಯೂ ಉಳಿಯದಂತೆ ಬಕೆಟ್ಟಿಗೆ ಕೊಡವಿದೆ. ಬೇಗ ಬಲಿ, ಬೇಗ ಬಲಿ ಎಂದು ಗಿಡಕ್ಕೆ ಹೇಳಿದೆ.

"ಹಾಕಿದ್ಯಾ?" ಒಳಗಿನಿಂದ ದನಿ ಬಂತು.

"ಹಾಕ್ದೆ."

"ಎಲ್ಲಾನೂ?"

"ಎಲ್ಲಾನೂ," ಎಂದೆ. ಚಮಚ ತೊಳೆದು ಅದರ ಜಾಗಕ್ಕೆ ಇಟ್ಟುಬಿಟ್ಟೆ.